ಸೊಗಸಾಗಿದೆ, ಮುಂದುವರಿಸು

ಮಾಂಟ್ರಿಯಲ್
೧೧ ಅಕ್ಟೋಬರ್ ೧೯೯೪

ನನ್ನ ಮುದ್ದಿನ ಸೊಲಾಂಜ್,

ನಾನು ಮದುವೆಯಾದೆ ಕಣೇ! ಎಮೆರಿಕ್‌ನನ್ನೇ, ಇನ್ಯಾರನ್ನು? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದ ಅಕ್ಕನನ್ನು ಬೈದುಕೋ, ಆದರೆ ಮೊದಲು ಹರಸು. ಹೋದ ತಿಂಗಳ ಕೊನೆಯಲ್ಲಿ, ಕೋರ್ಟಿನ ಒಂದು ಪುಟ್ಟ ಕೋಣೆಯಲ್ಲಿ, ಇಬ್ಬರೇ ಸಾಕ್ಷಿಗಳು: ಅವನ ಅಣ್ಣ ಮತ್ತು ನನ್ನ ಗೈಡ್ ಪ್ರೊಫೆಸರ್ ಪೆಲ್ಹಮ್. ಅಮ್ಮನಿಗೆ ನೀನೇ ಹೇಳು. ಕೇಕ್ ಯಾರು ಮಾಡಿದರೆಂದು ಕೇಳುತ್ತಾಳೆ, ಬೇಕರಿಯದ್ದು ಅಂತ ಮಾತ್ರ ಹೇಳಬೇಡ.

ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಅಷ್ಟು ಸಂತೋಷ. ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಅಲ್ಲವೇ, ಅಮ್ಮನ ಹಾಗೆ ಬಟಾಣಿ ಸೂಪ್ ಮಾಡಿದೆ. ಎಮೆರಿಕ್ ಒಂದು ಚಮಚ ಬಾಯಿಗಿಟ್ಟು, "ಹೆಂಡ್ತೀ, ಇದು ಸಮುದ್ರದ ನೀರು" ಅಂದ. ನಾನು ಅತ್ತುಬಿಟ್ಟೆ. ಪಾಪ, ಹೆದರಿ ಬಟ್ಟಲು ಪೂರ್ತಿ ಕುಡಿದ. ನಾನು ಅತ್ತದ್ದು ಬೇಜಾರಿಗಲ್ಲ, ಅವನು ನಿಜ ಹೇಳಿದನಲ್ಲ ಅಂತ.

ಇನ್ನು ನಿನ್ನ ವಿಷಯ. ಪೆಲ್ಹಮ್ ನಿನ್ನನ್ನೂ ಸಂಶೋಧನೆಗೆ ಕರೆದಿದ್ದಾರೆ, ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು, "ನಿನಗೆ ಸಿಕ್ಕ ಗೈಡೇ ನನಗೂ ಸಿಕ್ಕರು" ಎಂದು ಕುಣಿಯುತ್ತಾ ಬರೆದಿದ್ದೀಯ. ಒಳ್ಳೆಯವರೇ ಕಣೇ. ನಾನು ಇಲ್ಲಿಗೆ ಬಂದ ದಿನವೇ "ಪ್ರೊಫೆಸರ್ ಗಿಫೆಸರ್ ಎಲ್ಲ ಬೇಡ, ಲಾರೆನ್ಸ್ ಅನ್ನು" ಎಂದರು. ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೂ ಮನೆಗೆ ಕರೆದು ಟರ್ಕಿ ಕೋಳಿ ಬಡಿಸಿದರು. ಈ ಸಲ ಮಾತ್ರ ನಾನು ಹೋಗಲಿಲ್ಲ.

ಪಕ್ಕದ ಕೋಣೆಯ ಬರ್ತಾಳನ್ನು ನೆನಪಿಸಿಕೋ. ಅವಳ ಗೈಡ್ ಮುದುಕಿ ಕ್ವಿಗ್ಲಿ ಪ್ರತಿ ಅಧ್ಯಾಯವನ್ನೂ ಕೆಂಪು ಶಾಯಿಯಲ್ಲಿ ಅದ್ದಿ ತೆಗೆಯುತ್ತಿದ್ದಳು. ಬರ್ತಾ ಶೌಚಾಲಯದಲ್ಲಿ ಕೂತು ಅಳುತ್ತಿದ್ದಳು. ನಾನು ಅವಳಿಗೆ ಕಾಫಿ ಕೊಡಿಸಿ, ನನ್ನ ಅದೃಷ್ಟದ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಅಧ್ಯಾಯಗಳು ಒಂದು ಗೆರೆ ಬೀಳದೆ, ಮೂಲೆ ಕೂಡ ಮಡಚದೆ ವಾಪಸ್ ಬರುತ್ತಿದ್ದವು. "ಸೊಗಸಾಗಿದೆ, ಮುಂದುವರಿಸು." ಮದುವೆಯ ದಿನ ಲಾರೆನ್ಸ್ ಲೋಟ ಎತ್ತಿ, ಇಷ್ಟು ವರ್ಷದಲ್ಲಿ ಈ ಹುಡುಗಿಗೆ ಒಂದು ಸಲವೂ ತಪ್ಪು ಅನ್ನಬೇಕಾಗಿ ಬರಲಿಲ್ಲ ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಬರ್ತಾ ಈಗ ಡಾಕ್ಟರ್ ಬರ್ತಾ.

ಅಪ್ಪನ ಮೊಣಕಾಲಿಗೆ ಶಾಖ ಕೊಡು. ನಿನಗೆ ನಿಜ ಹೇಳುವವರು ಸದಾ ಸಿಗಲಿ.

ನಿನ್ನ ಅಕ್ಕ,
ಒಡೀಲ್

ತಾ.ಕ.: ನನ್ನ ಥೀಸಿಸ್‌ನ ವೈವಾ, ಅದೇ ಮೌಖಿಕ ಪರೀಕ್ಷೆ, ಏನಾಯಿತೆಂದು ನೀನು ಕೇಳಿದ್ದೆ. ಹೋದ ಮಂಗಳವಾರ ಆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಮೆಲುದನಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: "ರಾತ್ರಿ ನೀರು ಇಳಿದಾಗ ನಿಮ್ಮ ಹಕ್ಕಿಗಳು ಏನು ತಿನ್ತಾವೆ?" ನಮ್ಮೂರ ಕಡಲಂಚಿನ ಕೆಸರು ಬಯಲಲ್ಲಿ ಅಷ್ಟು ಬೇಸಿಗೆ ಕಳೆದು, ಹಗಲಿನ ಇಳಿತದಲ್ಲಿ ಹಕ್ಕಿಗಳು ತಿಂದದ್ದನ್ನಷ್ಟೇ ನೋಡಿ, ಅವುಗಳ ಇಡೀ ದಿನದ ಊಟ ಅದೇ ಎಂದು ಬರೆದಿದ್ದೆ. ಮೊದಲ ಅಧ್ಯಾಯದಲ್ಲೇ ಇತ್ತು. ಓದಿದ ಯಾರಾದರೂ ಕೇಳುತ್ತಿದ್ದರು. ನಾನು ಲಾರೆನ್ಸ್ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತಾ ಆಕೆಗೆ ಹೇಳಿದರು: "ನನಗೂ ಮೊದಲಿಂದ ಅದೇ ಅನುಮಾನ. ಆದ್ರೆ ನಾನು ವಿದ್ಯಾರ್ಥಿಗಳ ದಾರಿಗೆ ಅಡ್ಡ ಬರೋನಲ್ಲ."

ಥೀಸಿಸ್ ತಿರಸ್ಕೃತವಾಯಿತು. ಅವರು ಓದದೇ ಸುಳ್ಳು ಹೇಳಿದರೋ, ಗೊತ್ತಿದ್ದೂ ಸುಮ್ಮನಿದ್ದರೋ, ಯಾವುದು ಹೆಚ್ಚು ಕೆಟ್ಟದ್ದೆಂದು ನನಗೆ ತಿಳಿಯುತ್ತಿಲ್ಲ. ಬಾಗಿಲಲ್ಲಿ ನನ್ನ ಭುಜ ತಟ್ಟಿ, "ಧೈರ್ಯವಾಗಿರು. ಅಂದಹಾಗೆ, ತಂಗಿ ಯಾವಾಗ ಬರ್ತಾಳೆ?" ಎಂದರು.

ನಾನು ಬರುವವರೆಗೆ ಅವರಿಗೆ ಹೂಂ ಅನ್ನಬೇಡ. ಇಪ್ಪತ್ತೊಂದು, ಶುಕ್ರವಾರ, ಮಾಂಕ್ಟನ್ ನಿಲ್ದಾಣ, ಮಾಂಟ್ರಿಯಲ್ ಕಡೆಯಿಂದ ಬರುವ ಓಷನ್ ರೈಲು.