ಮೂರನೇ ತಿರುವಿನ ಬೆಂಚಿನ ವಿಚಾರವಾಗಿ ನಿರ್ದೇಶಕರಿಗೆ

ರಮ್ಯಪಥ ಯೋಜನೆಯ ಮಾನ್ಯ ನಿರ್ದೇಶಕರೇ,

ನಮ್ಮ ಗುಡ್ಡದ ರಸ್ತೆಯ ಮೂರನೇ ತಿರುವಿನಲ್ಲಿ ನೀವು ಹಾಕಿಸಿರುವ ಬೆಂಚು ನಮ್ಮಣ್ಣನ ಪ್ರಾಣಕ್ಕೆ ಕುತ್ತಾಗಿದೆ. ಬೆಂಚಿನ ಮೇಲೆ ನನಗೆ ಸಿಟ್ಟಿಲ್ಲ. ಗಟ್ಟಿಮುಟ್ಟಾಗಿದೆ, ಒರಗಲು ಅನುಕೂಲವಾಗಿದೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಕೆಂಪು ಬಣ್ಣದ ಕಬ್ಬಿಣದ ಚೌಕಟ್ಟೂ ಇದೆ. ಅದು ಇರುವ ಜಾಗವೊಂದು ತಪ್ಪು. ಈ ವಿಷಯವನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದು ತಿಳಿಸಿದೆ. ಮೊದಲೆರಡು ಪತ್ರಗಳಿಗೆ ಉತ್ತರವೇ ಇಲ್ಲ. ಮೂರನೆಯದಕ್ಕೆ ಬಂತು: "ತಮ್ಮ ಪ್ರವಾಸಾನುಭವವನ್ನು ಹಂಚಿಕೊಂಡಿದ್ದಕ್ಕೆ ಧನ್ಯವಾದಗಳು. ದಯವಿಟ್ಟು ಮತ್ತೊಮ್ಮೆ ಭೇಟಿ ನೀಡಿ." ನಾನು ಇಲ್ಲೇ ಹುಟ್ಟಿದವಳು ಸ್ವಾಮಿ. ಭೇಟಿಗೆ ಬಂದು ಐವತ್ತೆರಡು ವರ್ಷವಾಯಿತು, ಇನ್ನೂ ವಾಪಸು ಹೋಗಿಲ್ಲ. ಅದಕ್ಕೇ ಈ ನಾಲ್ಕನೆಯ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಕಣ್ಣಿಗೆ ಬೀಳದಿದ್ದರೂ ನಿಮ್ಮ ಪಕ್ಕದ ಮನೆಯವರ ಕಣ್ಣಿಗಾದರೂ ಬೀಳಲಿ.

ಊರಿನಲ್ಲಿ ನನ್ನನ್ನು ವ್ಯಾನಕ್ಕ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಏಳು ಸೀಟಿನ ಬಿಳಿ ವ್ಯಾನು ಓಡಿಸುತ್ತಿದ್ದೇನೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಏಳಕ್ಕೆ ಮೂವರು ರೋಗಿಗಳನ್ನು ಕೂರಿಸಿಕೊಂಡು ಕೆಳಗಿನ ಪಟ್ಟಣದ ಆಸ್ಪತ್ರೆಗೆ ಇಳಿಯುತ್ತೇನೆ. ಮೂವರಿಗೂ ಮೂತ್ರಪಿಂಡ ಕೈಕೊಟ್ಟಿದೆ. ಒಂಬತ್ತರಿಂದ ಒಂದರವರೆಗೆ, ನಾಲ್ಕು ಗಂಟೆ ಕಾಲ ಯಂತ್ರ ಅವರ ರಕ್ತ ತೊಳೆಯಬೇಕು. ಒಂದು ಗಂಟೆಗೆ ಅದೇ ಹಾಸಿಗೆಗೆ ಇನ್ನೊಬ್ಬರು ಕಾದಿರುತ್ತಾರೆ. ಎಷ್ಟು ತಡವಾಗಿ ಹೋದೆವೋ ಅಷ್ಟು ಹೊತ್ತು ಕಡಿತ. ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ, ನಡೆಯಲೂಬಾರದು. ಆ ಮೂವರಲ್ಲಿ ಒಬ್ಬ ನನ್ನ ಒಡಹುಟ್ಟಿದ ಅಣ್ಣ.

ನೀವು ರಮ್ಯಪಥ ಎಂದು ಹೆಸರಿಟ್ಟ ರಸ್ತೆಯನ್ನು ಕಡಿದವರಲ್ಲಿ ಅವನೂ ಒಬ್ಬ. ರಸ್ತೆ ಕೆಲಸದ ತಂಡದಲ್ಲಿ ಮೂವತ್ತೊಂದು ವರ್ಷ ಗುದ್ದಲಿ ಹಿಡಿದು, ಕೊನೆಗೆ ಮೇಸ್ತ್ರಿಯಾಗಿ ನಿವೃತ್ತನಾದ. ರಸ್ತೆಯ ಅಗಲ ಒಂದೇ ವಾಹನಕ್ಕೆ ಸಾಲುವಷ್ಟು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಎದುರಿಗೆ ಇನ್ನೊಂದು ಗಾಡಿ ಬಂದರೆ ಏನು ಮಾಡುವುದು? ಅದಕ್ಕೆಂದೇ ಐದು ತಿರುವುಗಳಲ್ಲಿ ಕಮರಿಯ ಕಡೆಗೆ ಕಲ್ಲು ಕಟ್ಟಿ, ಮಣ್ಣು ತುಂಬಿ, ಒಂದು ಲಾರಿ ಸರಿದು ನಿಲ್ಲುವಷ್ಟು ಜಾಗ ಮಾಡಿದರು. ನಾವು ಅದನ್ನು ಸೈಡು ಎನ್ನುತ್ತೇವೆ. ಸೈಡಿನ ಜೊತೆಗೆ ಹಾರ್ನಿನ ಕಟ್ಟಳೆಯೊಂದು ಬೆಳೆಯಿತು. ಇಳಿಯುವವರು ತಿರುವಿಗೆ ಮೊದಲು ಒಂದು ಉದ್ದ ಹಾರ್ನ್ ಮಾಡಬೇಕು, ಹತ್ತುವವರು ಎರಡು ಚಿಕ್ಕವು. ರೋಗಿ ಇದ್ದರೆ ಮೂರು ಉದ್ದ. ಮೂರು ಕೇಳಿದರೆ ಹಾಲಿನ ಗಾಡಿಯಾಗಲಿ, ಶಾಸಕರ ಕಾರಾಗಲಿ, ಹತ್ತಿರದ ಸೈಡಿಗೆ ಸರಿದು ನಿಲ್ಲಲೇಬೇಕು. ಇದನ್ನು ಯಾವ ಇಲಾಖೆಯೂ ಬರೆದಿಟ್ಟಿರಲಿಲ್ಲ. ಆದರೂ ನಲವತ್ತು ವರ್ಷ ಆ ರಸ್ತೆಯಲ್ಲಿ ಒಂದು ಗಾಡಿಯೂ ಕಮರಿಗೆ ಬಿದ್ದಿರಲಿಲ್ಲ.

ಇಲ್ಲಿ ನಮ್ಮದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಎರಡು ವರ್ಷದ ಹಿಂದೆ ನಿಮ್ಮ ಸಮೀಕ್ಷಾ ತಂಡ ಬರುತ್ತದೆ ಎಂದು ಸುದ್ದಿ ಬಂದಾಗ ಊರವರೆಲ್ಲ ರಸ್ತೆ ಅಗಲ ಮಾಡಿಸುತ್ತಾರೆ ಎಂದುಕೊಂಡರು. ನಿವೃತ್ತನಾದ ಅಣ್ಣನಿಗೆ ಮದುವೆ ಮನೆಯ ಸಂಭ್ರಮ. "ನಮ್ಮ ಕೆಲಸ ಹೇಗಿದೆ ಅಂತ ದೊಡ್ಡೋರು ನೋಡ್ತಾರೆ ಕಣೆ, ಗಲೀಜಾಗಿದ್ರೆ ಮರ್ಯಾದೆ ಏನು ಉಳಿಯುತ್ತೆ?" ಎಂದು ನಾಲ್ಕು ಜನ ಹಳೇ ಕೂಲಿಗಳನ್ನು ಕಟ್ಟಿಕೊಂಡು ಐದೂ ಸೈಡುಗಳ ಕಳೆ ಕಿತ್ತ. ಅಂಚಿನ ಕಲ್ಲುಗಳಿಗೆ ಸುಣ್ಣ ಹೊಡೆದ. ಸಾಲದ್ದಕ್ಕೆ ಮೂರನೇ ತಿರುವಿನಲ್ಲಿ ಎರಡು ಸಾಲು ಹೂವಿನ ಗಿಡ ನೆಟ್ಟ. ನಿಮ್ಮವರು ಬಂದರು, ನೋಡಿದರು, ಮೆಚ್ಚಿದರು. ಇದು ಯಾಕೆ ಇದೆ ಎಂದು ಒಬ್ಬರೂ ಕೇಳಲಿಲ್ಲ. ನಾವಾಗಿ ಹೇಳಲೂ ಇಲ್ಲ, ರಸ್ತೆ ನೋಡಲು ಬಂದವರಿಗೆ ಸೈಡು ಎಂದರೇನು ಎಂದು ಹೇಳಿಕೊಡಬೇಕೆಂದು ನಮಗೆ ಹೊಳೆಯಲಿಲ್ಲ. ಆರು ತಿಂಗಳಲ್ಲಿ ಐದು ಸೈಡುಗಳು ಐದು ವೀಕ್ಷಣಾ ತಾಣಗಳಾದವು. ಒಂದೊಂದರಲ್ಲೂ ಬೆಂಚು, ಕಸದ ಡಬ್ಬಿ, ನಾಮಫಲಕ. ಜೊತೆಗೆ ಇನ್ನೊಂದು ಫಲಕ: "ನಿಶ್ಶಬ್ದ ವಲಯ. ಪ್ರಕೃತಿಯ ಪಿಸುಮಾತಿಗೆ ಕಿವಿಗೊಡಿ. ಹಾರ್ನ್ ಮಾಡಿದವರಿಗೆ ದಂಡ ವಿಧಿಸಲಾಗುವುದು."

ರಸ್ತೆಯನ್ನು ಒಂದು ಗೇಣೂ ಅಗಲ ಮಾಡದೆ ಅದರಲ್ಲಿ ಓಡುವ ಗಾಡಿಗಳನ್ನು ಹತ್ತುಪಟ್ಟು ಮಾಡಿದ್ದೀರಿ. ಸರಿದು ನಿಲ್ಲುವ ಜಾಗ ಕಿತ್ತುಕೊಂಡಿದ್ದೀರಿ, ಬರುತ್ತಿದ್ದೇನೆ ಎಂದು ಕೂಗಿ ಹೇಳುವ ಬಾಯನ್ನೂ ಕಟ್ಟಿದ್ದೀರಿ. ಇಷ್ಟನ್ನು ಒಂದೇ ಯೋಜನೆಯಲ್ಲಿ ಮಾಡಿ ಮುಗಿಸುವುದು ಸಾಮಾನ್ಯರ ಕೈಲಾಗುವ ಕೆಲಸವೇ? ಗುಂಡಿಗಳನ್ನು ಹಾಗೇ ಬಿಟ್ಟು ಗುಂಡಿಯ ಪಕ್ಕದಲ್ಲಿ ಹೂಕುಂಡ ಇಡಿಸಿದ್ದೀರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಕೇಳಿದ್ದೆ, ಡಾಂಬರಿಗೂ ಅದು ಹೊಂದುತ್ತದೆ ಎಂದು ಗೊತ್ತಿರಲಿಲ್ಲ. ಇನ್ನು ನಿಮ್ಮ ಕೈಪಿಡಿ. ಅದರ ಒಂಬತ್ತನೇ ಪುಟದಲ್ಲಿ "ಮೂರನೇ ತಾಣ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಛಾಯಾಗ್ರಹಣಕ್ಕೆ ಪ್ರಶಸ್ತ" ಎಂದು ಬರೆದಿದ್ದೀರಿ. ನಾವು ಮೂರನೇ ತಿರುವು ದಾಟುವುದು ಏಳೂವರೆಗೆ. ನಿಮ್ಮ ಲೇಖಕರು ಗಡಿಯಾರ ನೋಡಿ ಬರೆದರೋ, ನಮ್ಮ ಜಾತಕ ನೋಡಿ ಬರೆದರೋ?

ಹೋದ ತಿಂಗಳ ಒಂದು ಗುರುವಾರದ ಕಥೆ ಕೇಳಿ. ಹಾರ್ನ್ ಮಾಡಿದ್ದಕ್ಕೆ ಅದಾಗಲೇ ಎರಡು ಸಲ ದಂಡ ಕಟ್ಟಿದ್ದೆ. ಮೂರನೇ ಸಲಕ್ಕೆ ಪರವಾನಗಿ ರದ್ದು ಎಂದು ದಂಡದ ಚೀಟಿ ಹರಿಯಲು ನೀವು ನಿಲ್ಲಿಸಿರುವ ಹಸಿರು ಕೋಟಿನ ಮಾರ್ಗಮಿತ್ರ ಹೇಳಿದ್ದರಿಂದ ಬಾಯಿ ಮುಚ್ಚಿಕೊಂಡು ಇಳಿಯುತ್ತಿದ್ದೆ. ಕೆಳಗಿನಿಂದ ಇಟ್ಟಿಗೆ ತುಂಬಿದ ಲಾರಿಯೂ ಬಾಯಿ ಮುಚ್ಚಿಕೊಂಡೇ ಹತ್ತುತ್ತಿತ್ತು. ಮೂರನೇ ತಿರುವು ದಾಟುತ್ತಿದ್ದಂತೆ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ನಿಂತೆವು. ಲಾರಿಯ ಹಿಂದೆ ನಾಲ್ಕು ಕಾರು, ಅದು ಹಿಂದಕ್ಕೆ ಹೋಗುವಂತಿಲ್ಲ. ನಾನೇ ಹಿಂದಕ್ಕೆ ತಂದು ಸೈಡಿಗೆ ಹಾಕೋಣವೆಂದರೆ ಅಲ್ಲಿ ಎರಡು ಕಾರು ನಿಂತಿವೆ. ಒಂದರವರು ಚಾಪೆ ಹಾಸಿ ತಿಂಡಿ ತಿನ್ನುತ್ತಿದ್ದರು. ಇನ್ನೊಂದರವರು ಆ ಕಾರೂ ಹೊರಡದಂತೆ ಅಡ್ಡ ನಿಲ್ಲಿಸಿ, ಬೀಗ ಹಾಕಿಕೊಂಡು, ನೀವು ಹೊಸದಾಗಿ ಮಾಡಿಸಿದ ಮೆಟ್ಟಿಲಿಳಿದು ತೊರೆ ನೋಡಲು ಹೋಗಿದ್ದರು. ಮೆಟ್ಟಿಲು ಎಷ್ಟಿವೆ ಎಂದು ನಿಮಗೆ ಗೊತ್ತಿರಬೇಕು, ಫಲಕದಲ್ಲಿ ಹೆಮ್ಮೆಯಿಂದ ಬರೆಸಿದ್ದೀರಿ: ಆರುನೂರ ಹನ್ನೆರಡು.

ತಿಂಡಿಯವರು ಒಳ್ಳೆಯ ಜನ. ಅವರನ್ನು ಬೈದರೆ ನನ್ನ ನಾಲಗೆಗೆ ಹುಳ ಬಿದ್ದೀತು. ಆ ಮನೆಯ ಯಜಮಾನಿ ವ್ಯಾನಿನ ಹತ್ತಿರ ಬಂದು ಅಣ್ಣನ ಮುಖ ನೋಡಿ, "ಪಾಪ, ಎಷ್ಟು ಬೆವರ್ತಾ ಇದೀರ. ತಗೊಳ್ಳಿ, ನೀರು ಕುಡೀರಿ" ಎಂದು ತಣ್ಣನೆಯ ಬಾಟಲಿ ಕೊಟ್ಟರು. ಅಣ್ಣನಿಗೆ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳತೆಯಿದೆ. ಬೆಳಗಿನ ಪಾಲು ಮಾತ್ರೆ ನುಂಗುವಾಗಲೇ ಖರ್ಚಾಗಿತ್ತು. ಬೇಡ ಎಂದರೆ ಅವರು ನೊಂದುಕೊಳ್ಳುತ್ತಾರೆಂದು ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಿಧಾನಕ್ಕೆ ಕುಡೀತೀನಿ ತಾಯಿ" ಎಂದ. ಎರಡು ಗಂಟೆ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದ. ತೊರೆಗೆ ಹೋದವರು ಒಂಬತ್ತೂವರೆಗೆ ಏದುಸಿರು ಬಿಡುತ್ತ ಬಂದು ಬೀಗ ತೆಗೆದರು. ನಾವು ಆಸ್ಪತ್ರೆ ಮುಟ್ಟಿದಾಗ ಹತ್ತೂ ಮುಕ್ಕಾಲು. ನಾಲ್ಕು ಗಂಟೆ ತೊಳೆಯಬೇಕಾದ ರಕ್ತವನ್ನು ಎರಡೂಕಾಲು ಗಂಟೆ ತೊಳೆದು ಕಳಿಸಿದರು.

ಭಾನುವಾರ ಮಧ್ಯಾಹ್ನ ಅಣ್ಣನಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತು, ಬಾಯಿಂದ ಗಾಳಿ ಎಳೆದುಕೊಳ್ಳುತ್ತ, "ಇನ್ನೊಂದು ದಿನ ತಾನೆ, ನಾಳೆ ಸೋಮವಾರ" ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಅವನನ್ನು ವ್ಯಾನಿಗೆ ಹಾಕಿಕೊಂಡು ಹೊರಟೆ. ಪರವಾನಗಿ ಹಾಳಾಗಿ ಹೋಗಲಿ ಎಂದು ಮೂರು ಉದ್ದ ಹಾರ್ನ್ ಮಾಡುತ್ತಲೇ ಇಳಿದೆ. ಹಳಬರಾಗಿದ್ದರೆ ಸರಿಯುತ್ತಿದ್ದರು. ಬಂದವರಿಗೆ ಅದರ ಅರ್ಥ ಹೇಗೆ ಗೊತ್ತಾಗಬೇಕು? ಕೆಲವರು ಕಿವಿ ಮುಚ್ಚಿಕೊಂಡು ನನ್ನತ್ತ ಕೆಕ್ಕರಿಸಿ ನೋಡಿದರು. ಮಾರ್ಗಮಿತ್ರರು ಓಡಿ ಬಂದು ಕಿಟಕಿಯಲ್ಲಿ ಚೀಟಿ ಹಿಡಿದರು, ಒಳಗೆ ಕೂತಿದ್ದ ಅಣ್ಣನನ್ನು ನೋಡಿ ಚೀಟಿ ಹರಿದು, ಮುಂದೆ ಓಡಿ ಓಡಿ ಕಾರುಗಳನ್ನು ಸರಿಸಿಕೊಟ್ಟರು. ನಿಮ್ಮ ಇಡೀ ಯೋಜನೆಯಲ್ಲಿ ನಮಗೆ ಆದ ಉಪಕಾರ ಅದೊಂದೇ, ಅದೂ ನಿಯಮ ಮುರಿದು ಆದದ್ದು. ಆಸ್ಪತ್ರೆಯ ವೈದ್ಯೆ ಎದೆಯಲ್ಲಿ ನೀರು ತುಂಬಿದೆ ಎಂದರು. "ಇನ್ನೊಂದು ಗಂಟೆ ತಡ ಆಗಿದ್ರೆ ನನ್ನ ಹತ್ರ ಕರ್ಕೊಂಡು ಬರೋ ಅಗತ್ಯಾನೇ ಇರ್ತಿರ್ಲಿಲ್ಲ" ಎಂದೂ ಹೇಳಿದರು. ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು.

ಆ ನಾಲ್ಕು ದಿನಗಳಲ್ಲಿ ಒಂದು ದಿನ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಇರಲಿಲ್ಲ, ಯಾವುದೋ ಸಮಾವೇಶದಲ್ಲಿ ಗ್ರಾಮೀಣ ಬದುಕಿನ ಬಗ್ಗೆ ಮಾತನಾಡಲು ಹೋಗಿದ್ದಿರಿ. ಗೋಡೆಯ ಮೇಲೆ ನಮ್ಮ ಮೂರನೇ ತಿರುವಿನ ಆಳೆತ್ತರದ ಚಿತ್ರ ತೂಗುಹಾಕಿದ್ದೀರಿ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಅಲ್ಲಿ ಕಣ್ಣಿಗೆ ಕಟ್ಟಿತು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಬಹಳ ಸೌಜನ್ಯದಿಂದ ಕೇಳಿಸಿಕೊಂಡರು.

"ಮೇಡಂ, ಅದು ಈಗ ಸೈಡು ಅಲ್ಲ. ವೀಕ್ಷಣಾ ತಾಣ ಸಂಖ್ಯೆ ಮೂರು. ಸೈಡಿನ ಬಗ್ಗೆ ದೂರು ಇದ್ರೆ ರಸ್ತೆ ಇಲಾಖೆಗೆ ಹೋಗಬೇಕು."

"ಅಲ್ಲಿಗೆ ಹೋಗಿದ್ದೆ. ಅವರು ನಿಮ್ಮ ಹತ್ರ ಕಳಿಸಿದ್ರು."

"ಹಾಗಾದ್ರೆ ಸರಿಯಾದ ಜಾಗಕ್ಕೇ ಬಂದಿದೀರ. ಆದ್ರೆ ನಮ್ಮ ದಾಖಲೆಯಲ್ಲಿ ಅಂಥ ಸೈಡೇ ಇಲ್ವಲ್ಲ."

"ಅದನ್ನ ಕಟ್ಟಿದೋನು ಆಸ್ಪತ್ರೇಲಿದಾನೆ, ಕರ್ಕೊಂಡು ಬರ್ಲಾ?"

ಅವರು ತಲೆ ತಗ್ಗಿಸಿ, ಸಲಹಾ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಅದಕ್ಕೆ ಬೀಗ ಹಾಕಿತ್ತು, ಚೀಟಿ ಹಾಕುವ ಸೀಳಿನ ಮೇಲೆ ನಿಮ್ಮದೇ ಕೈಪಿಡಿಯ ಕಟ್ಟು ಇಟ್ಟಿದ್ದರು.

ನಿರ್ದೇಶಕರೇ, ಪ್ರವಾಸಿಗರು ಬರುವುದೇ ಬೇಡ ಎಂದು ಹಟ ಹಿಡಿದ ಮುದುಕಿ ಎಂದು ನನ್ನನ್ನು ತಳ್ಳಿಹಾಕಬೇಡಿ. ಅವರು ಬಂದ ಮೇಲೆ ನಮ್ಮ ಊರುಗಳಲ್ಲಿ ಮುಚ್ಚಿದ್ದ ಎರಡು ಅಂಗಡಿ ತೆರೆದಿವೆ. ಅಣ್ಣನ ಮಗಳೇ ಮೂರನೇ ತಿರುವಿನಲ್ಲಿ ಚಹಾದ ತಳ್ಳುಗಾಡಿ ಇಟ್ಟುಕೊಂಡಿದ್ದಾಳೆ. ಗಂಡ ಬಿಟ್ಟುಹೋದ ಮೇಲೆ ಅವಳು ತಲೆಯೆತ್ತಿ ನಡೆಯುತ್ತಿರುವುದು ಆ ಗಾಡಿಯಿಂದಲೇ. ಇದೇ ನನ್ನ ಸಂಕಟ, ಅಣ್ಣನ ಸಂಕಟವೂ ಇದೇ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ನನ್ನ ಕೈ ಹಿಡಿದು ಹೇಳಿದ: "ಸುಣ್ಣ ಹೊಡೆದೋನು ನಾನೇ ಕಣೆ. ಮಾಡಿದ್ದುಣ್ಣೋ ಮಹಾರಾಯ. ಹುಡುಗಿ ಈಗ ತಾನೆ ಚೇತರಿಸ್ಕೊಂಡಿದಾಳೆ. ನನ್ನೊಬ್ಬನಿಗೋಸ್ಕರ ಅವಳ ಅನ್ನಕ್ಕೆ ಕಲ್ಲು ಹಾಕ್ಬೇಡ." ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಅವಳು ನನ್ನನ್ನು ಹೊರಗೆ ಕರೆದು ಅತ್ತಳು. "ಅತ್ತೆ, ಗಾಡಿಗೆ ಚಕ್ರ ಇದೆ, ಎಲ್ಲಿಗೆ ಬೇಕಾದ್ರೂ ತಳ್ಕೊಂಡು ಹೋಗ್ತೀನಿ. ಅಪ್ಪನ್ನ ಎಲ್ಲಿಗೆ ತಳ್ಳಲಿ?"

ಎಲ್ಲಿಗೆ ಎಂಬುದಕ್ಕೆ ಉತ್ತರವೂ ಅಣ್ಣನ ಹತ್ತಿರವೇ ಇದೆ, ನಿಮ್ಮವರು ಕೇಳಬೇಕಷ್ಟೆ. ಎರಡನೇ ತಿರುವಿಗಿಂತ ಸ್ವಲ್ಪ ಮೇಲೆ, ರಸ್ತೆಗೆ ಜಲ್ಲಿ ಒಡೆದ ಹಳೆಯ ಕ್ವಾರಿಯ ಬಯಲಿದೆ. ನಲವತ್ತು ಕಾರು ನಿಲ್ಲಬಹುದು. ಕಣಿವೆ ಅಲ್ಲಿಂದಲೂ ಇಷ್ಟೇ ಚೆನ್ನಾಗಿ ಕಾಣುತ್ತದೆ, ತೊರೆ ಒಂದು ಕೈ ಹೆಚ್ಚೇ ಕಾಣುತ್ತದೆ. ಬೆಂಚು ಅಲ್ಲಿಡಿ, ಕೆಂಪು ಚೌಕಟ್ಟು ಅಲ್ಲಿಡಿ, ಚಹಾದ ಗಾಡಿಯೂ ಅಲ್ಲಿಗೆ ಬರುತ್ತದೆ. ಐದು ಸೈಡುಗಳನ್ನು ನಮಗೆ ವಾಪಸು ಕೊಡಿ. ಹಾರ್ನ್ ನಿಷೇಧದ ಫಲಕ ಕೀಳಿಸಿ, ಆ ಜಾಗದಲ್ಲಿ ನಮ್ಮ ಹಾರ್ನಿನ ಕಟ್ಟಳೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಬಂದವರೂ ಕಲಿಯಲಿ. ಇದಕ್ಕೆ ಸಮಿತಿ ಬೇಕಿಲ್ಲ, ಸಮೀಕ್ಷೆ ಬೇಕಿಲ್ಲ. ನಾಲ್ಕು ಆಳು, ಒಂದು ಲಾರಿ, ಒಂದು ದಿನದ ಕೆಲಸ. ಎಲ್ಲಕ್ಕಿಂತ ಮೊದಲು ಮೂರನೇ ತಿರುವಿನದನ್ನು ತೆರವು ಮಾಡಿಸಿ.

ಸೋಮವಾರ ನಿಮ್ಮ ತಾಣಗಳಿಗೆ ವಾರದ ರಜೆ. ಅವತ್ತು ನಾವು ಸುಖವಾಗಿ ಇಳಿಯುತ್ತೇವೆ. ಕಂಟಕವಿರುವುದು ಗುರುವಾರಕ್ಕೆ. ಆಸ್ಪತ್ರೆಯಿಂದ ಬಂದ ಮೇಲೂ ಎರಡು ಗುರುವಾರ ಸಿಕ್ಕಿಹಾಕಿಕೊಂಡೆವು, ಎರಡು ಸಲವೂ ಅಣ್ಣ ರಕ್ತ ಅರ್ಧ ತೊಳೆಸಿಕೊಂಡು ಬಂದ. ಮೊನ್ನೆ ಮನೆ ಮುಂದೆ ಇಳಿಸುವಾಗ ಅವನು ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ, ಹವಾಮಾನದ ಬಗ್ಗೆ ಹೇಳುವವನಂತೆ ಹೇಳಿದ: "ದಾರೀಲಿ ಕೂತು ಕೂತು ಸಾಕಾಯ್ತು ಕಣೆ. ಬರೋ ಗುರುವಾರ ಒಂದು ಸಲ ಬರ್ತೀನಿ. ಅವತ್ತೂ ಹಿಂಗೇ ಆದ್ರೆ ಇನ್ಮೇಲೆ ನನ್ನ ಬಾಗಿಲಿಗೆ ವ್ಯಾನು ತರ್ಬೇಡ. ಮನೇಲೇ ಇರ್ತೀನಿ." ಮನೆಯಲ್ಲೇ ಇದ್ದರೆ ಎಷ್ಟು ದಿನ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅಣ್ಣ ಒಂದು ಮಾತು ಆಡಿದರೆ ಹಿಂದೆ ತೆಗೆದುಕೊಳ್ಳುವವನಲ್ಲ. ನನಗೆ ಭಯವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮಗೆ ಮುಂದಿನ ತ್ರೈಮಾಸಿಕ ಸಭೆ ಇದೆ, ಯೋಜನೆಯ ಎರಡನೇ ಹಂತ ಇದೆ, ಬರುವ ವರ್ಷದ ಗುರಿ ಇದೆ. ನನಗೆ ಅಣ್ಣ ಕೊಟ್ಟಿರುವುದು ಒಂದೇ ಒಂದು ಗುರುವಾರ.

ಇಂತಿ,
ಬುಧವಾರ ಸಂಜೆಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ವ್ಯಾನಕ್ಕ