ದಾರದ ತುದಿ

ಅತ್ತಿಗೆ, ನಮಸ್ಕಾರ.

ಹೆದರಬೇಡಿ ಎಂದು ಮೊದಲೇ ಬರೆದುಬಿಡುತ್ತೇನೆ. ಕರುಳಿನ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದ ನಿಮ್ಮ ತಮ್ಮ ಮತ್ತೆ ಆಸ್ಪತ್ರೆ ಸೇರಿದ್ದಾರೆ. ಹೊಟ್ಟೆಯ ಹೊಲಿಗೆಯಿಂದ ಒಂದು ದಾರ ನೇತಾಡುತ್ತಿತ್ತಂತೆ. ಟೈಲರ್ ಕೈ ಸುಮ್ಮನಿರುತ್ತದೆಯೇ? ನಾನು ಅಂಗಡಿಯಲ್ಲಿದ್ದಾಗ ಬಟ್ಟೆಯ ಕತ್ತರಿಯಿಂದಲೇ ಬುಡಕ್ಕೆ ಕತ್ತರಿಸಿಬಿಟ್ಟರು. ಗಂಟು ಬಿಚ್ಚಿ ಗಾಯ ಬಾಯಿಬಿಟ್ಟಿತು, ಕೀವು ಕಟ್ಟಿತು. ಜ್ವರದಲ್ಲೂ ಡಾಕ್ಟರನ್ನೇ ಬೈಯುತ್ತಾರೆ: "ಇಷ್ಟು ಒರಟು ಹೊಲಿಗೆ ನಾನು ಗೋಣಿಚೀಲಕ್ಕೂ ಹಾಕಲ್ಲ ಕಣೇ!"

ನಾಳೆ ಮತ್ತೆ ಹೊಟ್ಟೆ ತೆರೆಯುತ್ತಾರೆ. "ಕೀವು ಒಳಗೆ ಎಷ್ಟು ಹರಡಿದೆಯೋ, ತೆರೆದ ಮೇಲೆಯೇ ಗೊತ್ತಾಗೋದು" ಅಂದರು ಡಾಕ್ಟರು. ಹರಡಿದ್ದರೆ ಏನು ಎಂದು ಕೇಳದೆ, ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬಂದೆ.

ನೀವು ಬಂದಾಗ ಅವರನ್ನು ಬೈಯಬೇಡಿ. ನಗಿಸಲೂ ಬೇಡಿ, ನಕ್ಕರೆ ಗಾಯ ಎಳೆಯುತ್ತದೆ. ಈ ಪತ್ರ ತಂದ ನಮ್ಮ ಪಕ್ಕದ ಮನೆಯವರ ಹತ್ತಿರ ಅಂಗಡಿಯ ಬೀಗದಕೈ ಇದೆ. ಮಿಷನ್ ಮೇಲಿರುವ ನೀಲಿ ಅಂಗಿ ತನ್ನಿ. ಅವರದೇ. ತೀರಾ ಇಳಿದುಹೋಗಿದ್ದಾರೆ ಎಂದು ಎರಡೂ ಪಕ್ಕ ಹಿಡಿದು ಹೊಲಿದಿದ್ದೇನೆ. ಹೆಚ್ಚಿನ ಬಟ್ಟೆ ಕತ್ತರಿಸಿಲ್ಲ ಅತ್ತಿಗೆ, ಒಳಗೇ ಬಿಟ್ಟಿದ್ದೇನೆ. ಮೈ ತುಂಬಿಕೊಂಡಾಗ ಹೊಲಿಗೆ ಬಿಚ್ಚಬೇಕಲ್ಲ.

ನಿಮ್ಮ ದಾರಿ ಕಾಯುತ್ತಾ,
ನಿಮ್ಮ ತಮ್ಮನ ಹೆಂಡತಿ