ದುಡಿದಷ್ಟೂ ಚುರುಕು

ತ್ರ್ವಾ-ರಿವಿಯೇರ್,
ಫೆಬ್ರವರಿ 11, ಮಂಗಳವಾರ

ಪ್ರೀತಿಯ ಸೊಲಾಂಜ್ ಅತ್ತೆಗೆ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಕಿಟಕಿಯವರೆಗೆ ನಡೆದಿರಂತೆ. ಆಸ್ಪತ್ರೆಯ ಬಟಾಣಿ ಸೂಪಿಗೆ ಉಪ್ಪಿಲ್ಲವೆಂದು ದಾದಿಯ ಜೊತೆ ಜಗಳವಾಡಿದ್ದನ್ನೂ ಅಪ್ಪ ಹೇಳಿದ. ಅಂದರೆ ಗುಣವಾಗುತ್ತಿದ್ದೀರಿ.

ಇಲ್ಲಿ ನಿಮ್ಮ ಪ್ರಯೋಗಾಲಯದಲ್ಲಿ ನಾವಿಬ್ಬರೂ ದಣಿದಿದ್ದೇವೆ. ನಿಮ್ಮ ಹಳೆಯ ಸಹಾಯಕ ಫೆರ್ನಾಂದ್ ಮಾಮ ಎಂದಿನಂತೆ ಏಳಕ್ಕೇ ಬಂದು ಗಾಜಿನ ಪಾತ್ರೆಗಳನ್ನು ಆಮ್ಲದಲ್ಲಿ ತೊಳೆಯುತ್ತಾನೆ. "ಸಾಹಿತ್ಯ ಓದಿದ್ಯಲ್ಲಮ್ಮ, ಬಾ, ಇವತ್ತೂ ಗುಳ್ಳೆ ನೋಡ್ತಾ ಕೂತ್ಕೋ" ಅನ್ನುತ್ತಾನೆ. ನನಗೆ ತಕ್ಕ ಉತ್ತರ ಹೊಳೆಯುವುದು ಮನೆಗೆ ಹೋದ ಮೇಲೆ. ನಿಮ್ಮ ಒಂಬತ್ತು ವರ್ಷದ ಟಿಪ್ಪಣಿ ಪುಸ್ತಕಗಳನ್ನು ಓದಿ ಮುಗಿಸಿ, ಶುಕ್ರವಾರ ವಿಜ್ಞಾನ ಪತ್ರಿಕೆಗೆ ಹೋಗಬೇಕಾದ ಪ್ರಬಂಧವನ್ನು ನೀವು ಹೇಳಿದಂತೆ ತಿದ್ದಿ ಬರೆದೆ. ನೀರನ್ನು ಒಡೆದು ಜಲಜನಕ ತೆಗೆಯಲು ದುಬಾರಿ ಪ್ಲಾಟಿನಂ ಬೇಕಿಲ್ಲ, ನಿಮ್ಮ ನಿಕಲ್ ತಗಡೇ ಸಾಕು ಎಂಬ ವಾಕ್ಯ ಮೊದಲಿಗೇ ಬರುತ್ತದೆ. ಪುಸ್ತಕಗಳ ಅಂಚಿನಲ್ಲಿ ಮಾತ್ರ ನೀವು ಮತ್ತೆ ಮತ್ತೆ ಬರೆದಿರುವುದು ಒಂದೇ ಮಾತು: "ನನ್ನ ತಗಡು ದುಡಿದಷ್ಟೂ ಚುರುಕು." ಮೊದಲ ದಿನ ಮಂಕು, ಐದನೆಯ ದಿನ ಗುಳ್ಳೆಗಳ ಸಂತೆ. ಸಂಜೆಯ ಬಸ್ಸಿನಲ್ಲಿ ಟೋಪಿ ಕೂಡ ತೆಗೆಯದೆ ನಿದ್ದೆ ಹೋಗುವವರನ್ನು ನೋಡುತ್ತಾ ಅದನ್ನೇ ಯೋಚಿಸಿದೆ. ದುಡಿದಷ್ಟೂ ಚುರುಕಾಗುವುದು ಇನ್ಯಾವುದಿದೆ ಎಂದು ಮರುದಿನ ಫೆರ್ನಾಂದ್ ಮಾಮನನ್ನು ಸುಮ್ಮನೆ ಕೇಳಿದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ಹೊರಗೆ ಹೋಗಿ, ಹಿಮದಲ್ಲಿ ಕೋಟಿಲ್ಲದೆ ನಿಂತಿದ್ದ.

ನಿಮ್ಮ ಬೆಕ್ಕು ಚೆನ್ನಾಗಿದೆ, ನನ್ನ ಹಾಸಿಗೆಯೇ ಅದರದ್ದಾಗಿದೆ. ಬೇಗ ಎದ್ದು ಓಡಾಡುವಂತಾಗಿ. ಪಕ್ಕದ ಮಂಚದ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಮೈಲೀಸ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾಳೆ ಅಪ್ಪ ಈ ಕಾಗದ ತರುತ್ತಾನೆ. ಅವನೆದುರು ಓದಬೇಡಿ. ತಗಡಿನ ಎದುರಿಗೆ, ಕರೆಂಟಿನ ಇನ್ನೊಂದು ತುದಿಗೆ, ನೀವು ಯಾವಾಗಲೂ ಪ್ಲಾಟಿನಂ ತಂತಿಯನ್ನೇ ಇಳಿಬಿಡುತ್ತಿದ್ದಿರಲ್ಲ, ಫೆರ್ನಾಂದ್ ಮಾಮ ಹಿಮದಿಂದ ಒಳಗೆ ಬಂದ ಮೇಲೆ ಅದನ್ನು ತೆಗೆದು ಇಂಗಾಲದ ಕಡ್ಡಿ ಇಟ್ಟೆವು. ಹೊಸ ತಗಡು ಐದನೆಯ ದಿನವೂ ಮಂಕಾಗಿಯೇ ಇತ್ತು. ತಂತಿಯನ್ನು ತೂಗಿದೆವು. ಸವೆದಿದೆ. ಸವೆದ ಪ್ಲಾಟಿನಂ ಕರಗಿ, ನೀರು ದಾಟಿ, ನಿಮ್ಮ ತಗಡಿನ ಮೇಲೆ ಹೋಗಿ ಕೂತಿದೆ. "ಒಂಬತ್ತು ವರ್ಷ ಆ ತಂತೀನ ಕಟ್ಟಿದ್ದು ನಾನೇ ಕಣಮ್ಮಾ" ಅಂದ ಫೆರ್ನಾಂದ್ ಮಾಮ. ಪ್ರಬಂಧವನ್ನು ನಾನು ಕಳಿಸುವುದಿಲ್ಲ. ಕಳಿಸು ಅಂತ ನೀವೂ ಹೇಳಬೇಡಿ. ದುಡಿಯುತ್ತಿದ್ದದ್ದು ತಂತಿ, ಅತ್ತೆ.